ಸೇರಿಸುವ ಮೊದಲು ತೆಗೆಯುವುದು ಕಲಿಸಿ: ವಿಎಂಗಳ ಮುಂದಿನ ಲೋಡ್ ಬ್ಯಾಲೆನ್ಸರ್ ಆಟೊಮೇಟ್ ಮಾಡುವ ಬಗೆ

ಬರುವ ಟ್ರಾಫಿಕ್ ಅನ್ನು ಹಲವು ಸರ್ವರ್‌ಗಳಿಗೆ ಹಂಚುವುದನ್ನು, ಅಂದರೆ ಲೋಡ್ ಬ್ಯಾಲೆನ್ಸಿಂಗ್ ಅನ್ನು, ಆಟೊಮೇಟ್ ಮಾಡಬೇಕು ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಕತೆ. ಟ್ರಾಫಿಕ್ ಜಾಸ್ತಿ ಆಯಿತು, ಹೊಸ ವಿಎಂ (ವರ್ಚುವಲ್ ಮಷೀನ್, ಯಂತ್ರದೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಯಂತ್ರ) ತಾನೇ ಎದ್ದಿತು, ಬ್ಯಾಲೆನ್ಸರ್‌ಗೆ ತಾನೇ ಸೇರಿಕೊಂಡಿತು. ಡೆಮೊದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ನಾನು ಹೊಸ ವಿಎಂ ಸೇರಿಸುವುದು ವರ್ಷಕ್ಕೆ ಕೆಲವೇ ಸಲ. ಇರುವ ವಿಎಂ ಹೊರಗೆ ತೆಗೆದು, ಅದಕ್ಕೆ ಏನಾದರೂ ಮಾಡಿ, ಮತ್ತೆ ಒಳಗೆ ಹಾಕುವುದು ಮಾತ್ರ ಹೆಚ್ಚುಕಡಿಮೆ ವಾರ ವಾರವೂ ಇದ್ದದ್ದೇ. ಕರ್ನಲ್ ಅಪ್‌ಡೇಟ್, ಆಪ್‌ನ ಹೊಸ ಆವೃತ್ತಿ, ವಿಎಂಗಳನ್ನು ಹೊತ್ತ ನಿಜವಾದ ಯಂತ್ರಕ್ಕೆ (ಹೋಸ್ಟ್‌ಗೆ) ರ‍್ಯಾಮ್ ಹಾಕುವುದು, ಡಿಸ್ಕ್ ಬದಲಾಯಿಸುವುದು, ಹೀಗೆ. ಅದಕ್ಕೇ ನಾನು ಹೇಳುವುದು, ಆಟೊಮೇಷನ್ ತೆಗೆಯುವ ಕಡೆಯಿಂದ ಶುರುವಾಗಲಿ. ಬಳಸುವವರಿಗೆ ಗೊತ್ತೇ ಆಗದ ಹಾಗೆ ಒಂದು ವಿಎಂ ತೆಗೆಯಲು ಬಂದರೆ, ಮಿಕ್ಕದ್ದನ್ನೆಲ್ಲ ಅದರ ಮೇಲೆ ಕಟ್ಟಬಹುದು.

ನಾನು ನೋಡಿಕೊಳ್ಳುವುದು ಉತ್ತರ ಕರ್ನಾಟಕದ ಒಂದು ಶಿಕ್ಷಣ ಸಂಸ್ಥೆಯ ಸರ್ವರ್ ರೂಮ್. ಬಾಗಿಲ ಮೇಲೆ ಡೇಟಾ ಸೆಂಟರ್ ಅಂತ ಬೋರ್ಡ್ ಇದೆ, ಒಳಗೆ ಇರುವುದು ಮೂರು ಹೋಸ್ಟ್. ಮೂರರ ಮೇಲೂ ವಿಎಂ ಓಡಿಸುವ ಸಾಫ್ಟ್‌ವೇರ್, ಅಂದರೆ ಹೈಪರ್‌ವೈಸರ್, ಪ್ರಾಕ್ಸ್‌ಮಾಕ್ಸ್. ಅದರ ಮೇಲೆ ಫೀಸು ಕಟ್ಟುವ ಪೋರ್ಟಲ್, ರಿಸಲ್ಟ್ ಪೋರ್ಟಲ್, ಹಾಸ್ಟೆಲ್, ಲೈಬ್ರರಿ ಎಲ್ಲ ವಿಎಂಗಳಾಗಿ ಓಡುತ್ತವೆ. ಬ್ಯಾಲೆನ್ಸರ್ ಕೆಲಸಕ್ಕೆ ಎಚ್‌ಎ ಪ್ರಾಕ್ಸಿ, ಅದು ಬಿದ್ದರೆ ಐಪಿ ಇನ್ನೊಂದು ಕಡೆ ಹಾರಲು ಕೀಪ್‌ಅಲೈವ್‌ಡಿ, ಬರೆದಿಟ್ಟ ಕೆಲಸದ ಪಟ್ಟಿಯಂತೆ (ಅದೇ ಪ್ಲೇಬುಕ್) ಇವೆಲ್ಲವನ್ನೂ ನಡೆಸಲು ಆನ್ಸಿಬಲ್. ಮೂರೂ ಓಪನ್ ಸೋರ್ಸ್, ಲೈಸೆನ್ಸ್ ಫೈಲು ಹಿಡಿದುಕೊಂಡು ಅಕೌಂಟ್ಸ್ ಸೆಕ್ಷನ್‌ಗೆ ಓಡಾಡುವ ಕೆಲಸ ಇಲ್ಲ.

ನಿಮ್ಮಲ್ಲಿ ಎಫ್‌5 ಅಥವಾ ನೆಟ್‌ಸ್ಕೇಲರ್ ತರಹದ ಬೇರೆ ಬ್ಯಾಲೆನ್ಸರ್ ಇದ್ದರೂ ಕೆಳಗಿನ ಕ್ರಮ ಹಾಗೇ ನಡೆಯುತ್ತದೆ, ಕಮಾಂಡ್ ಮಾತ್ರ ಬೇರೆ. ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ಸಾಫ್ಟ್‌ವೇರ್‌ನ ಬ್ಯಾಲೆನ್ಸರ್ ಆಕ್ಟೇವಿಯಾ ಬಳಸುವವರಿಗಂತೂ ಇದು ಪರಿಚಿತವೇ. ಅದರ ಆಂಫೊರಾ ಅನ್ನುವ ಪುಟ್ಟ ವಿಎಂ ಒಳಗೆ ಇಣುಕಿದರೆ ಅಲ್ಲೂ ಕೂತಿರುವುದು ಎಚ್‌ಎ ಪ್ರಾಕ್ಸಿಯೇ.

ಇನ್‌ಸ್ಟಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಸಣ್ಣ ವಿಎಂ ಮಾಡಿ, ಎರಡರಲ್ಲೂ ಎಚ್‌ಎ ಪ್ರಾಕ್ಸಿ, ಕೀಪ್‌ಅಲೈವ್‌ಡಿ ಹಾಕಿ. ಎಚ್‌ಎ ಪ್ರಾಕ್ಸಿಯಲ್ಲಿ 2.8, 3.0, 3.2 ತರಹ ಸಮಸಂಖ್ಯೆಯ ಆವೃತ್ತಿ ತೆಗೆದುಕೊಳ್ಳಿ. ದೀರ್ಘ ಕಾಲ ಅಪ್‌ಡೇಟ್ ಬರುವುದು ಅವಕ್ಕೇ.

ಡ್ರೇನ್: ಮೊದಲು ಕೈಯಿಂದ, ಆಮೇಲೆ ಸ್ಕ್ರಿಪ್ಟ್‌ನಿಂದ

ಎಚ್‌ಎ ಪ್ರಾಕ್ಸಿ ಓಡುತ್ತಿರುವಾಗಲೇ ಅದರ ಜೊತೆ ಮಾತಾಡಲು ಸ್ಟ್ಯಾಟ್ಸ್ ಸಾಕೆಟ್ ಅಂತ ಒಂದು ಬಾಗಿಲಿದೆ. ಕಾನ್ಫಿಗ್‌ನ ಗ್ಲೋಬಲ್ ಭಾಗದಲ್ಲಿ ಅದನ್ನು ಅಡ್ಮಿನ್ ಲೆವೆಲ್‌ನಲ್ಲಿ ತೆರೆಯಿರಿ. ಫೈಲ್ ಸಾಕೆಟ್ ಆಗಿಯೇ ಇರಲಿ, ಟಿಸಿಪಿ ಪೋರ್ಟ್ ಮೇಲೆ ಇಡಬೇಡಿ. ಆ ಬಾಗಿಲು ಸಿಕ್ಕವರು ನಿಮ್ಮ ಎಲ್ಲ ಸರ್ವರ್‌ಗಳನ್ನೂ ಒಂದೇ ಸಾಲಿನಲ್ಲಿ ಆಫ್ ಮಾಡಬಹುದು.

ಸೋಕ್ಯಾಟ್ ಅನ್ನುವ ಚಿಕ್ಕ ಟೂಲ್ ಮೂಲಕ ಆ ಸಾಕೆಟ್‌ಗೆ ಕಮಾಂಡ್ ಕಳಿಸಬಹುದು. ನಿಮಗೆ ಬೇಕಾದ್ದು ಮುಖ್ಯವಾಗಿ ಒಂದೇ ಕಮಾಂಡ್. ಸೆಟ್ ಸರ್ವರ್ ಅಂತ ಬರೆದು, ಬ್ಯಾಕೆಂಡ್ (ಒಂದು ಆಪ್‌ನ ಸರ್ವರ್‌ಗಳ ಗುಂಪು) ಹೆಸರು, ಓರೆಗೆರೆ, ಸರ್ವರ್ ಹೆಸರು, ಕೊನೆಗೆ ಸ್ಟೇಟ್ ಡ್ರೇನ್. ಸಂಜೆ ಡಿಪೋ ಬೋರ್ಡ್ ಹಾಕಿಕೊಂಡು ಬರುವ ಬಸ್ ನೋಡಿದ್ದೀರಲ್ಲ? ಹೊಸಬರನ್ನು ಹತ್ತಿಸುವುದಿಲ್ಲ, ಕೂತವರನ್ನು ಅವರವರ ಸ್ಟಾಪ್‌ನಲ್ಲಿ ಇಳಿಸಿಯೇ ಡಿಪೋಗೆ ಹೋಗುತ್ತದೆ. ಡ್ರೇನ್ ಅಂದರೆ ಅದೇ. ಇದರ ಜೊತೆ ಇನ್ನೆರಡು ಸ್ಟೇಟ್ ಇವೆ. ಮೇಂಟ್ ಅಂದರೆ ಪೂರ್ತಿ ಬಂದ್, ಹೆಲ್ತ್ ಚೆಕ್ (ಸರ್ವರ್ ಸರಿ ಇದೆಯಾ ಅಂತ ಆಗಾಗ ಕೇಳುವುದು) ಕೂಡ ನಿಲ್ಲುತ್ತದೆ. ರೆಡಿ ಅಂದರೆ ವಾಪಸ್ ಕೆಲಸಕ್ಕೆ.

ಡ್ರೇನ್ ಹೇಳಿದ ಮೇಲೆ ಶೋ ಸ್ಟ್ಯಾಟ್ ಕಮಾಂಡ್ ಕೊಟ್ಟು ಆ ಸರ್ವರ್‌ನ ಈಗಿನ ಸೆಷನ್ ಎಣಿಕೆ ನೋಡಿ. ಅದು ಸೊನ್ನೆಗೆ ಬಂದಾಗ ಮೇಂಟ್ ಹಾಕಿ, ಆಮೇಲೆ ವಿಎಂ ಮುಟ್ಟಿ. ಆನ್ಸಿಬಲ್ ಬರೆಯುವ ಮೊದಲು ಇದನ್ನು ಒಂದು ಸಲವಾದರೂ ಕೈಯಿಂದ ಮಾಡಿ ನೋಡಿ. ನಿಮ್ಮ ಆಪ್ ಖಾಲಿಯಾಗಲು ಎಷ್ಟು ಹೊತ್ತು ಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಆ ಸಂಖ್ಯೆ ಯಾವ ಗೈಡ್‌ನಲ್ಲೂ ಸಿಗುವುದಿಲ್ಲ.

ಕೆಲವು ಆಪ್‌ಗಳು ಖಾಲಿ ಆಗುವುದೇ ಇಲ್ಲ. ಕಾರಣ ಸಾಮಾನ್ಯವಾಗಿ ಸ್ಟಿಕಿ ಸೆಷನ್. ಕುಕಿ ಹಾಕಿ ಒಬ್ಬ ಬಳಕೆದಾರನನ್ನು ಒಂದೇ ವಿಎಂಗೆ ಕಟ್ಟಿಹಾಕಿದ್ದರೆ, ಡ್ರೇನ್‌ನಲ್ಲಿದ್ದರೂ ಅವನ ಹೊಸ ರಿಕ್ವೆಸ್ಟ್‌ಗಳು ಅಲ್ಲಿಗೇ ಹೋಗುತ್ತವೆ. ಎಚ್‌ಎ ಪ್ರಾಕ್ಸಿ ಮಾಡುವುದು ಸರಿಯೇ, ಅವನ ಲಾಗಿನ್ ಮಾಹಿತಿ ಆ ವಿಎಂನ ಮೆಮೊರಿಯಲ್ಲಿ ತಾನೇ ಇರುವುದು? ಪರಿಹಾರ ಬ್ಯಾಲೆನ್ಸರ್ ಕಡೆ ಇಲ್ಲ, ಆಪ್ ಕಡೆ ಇದೆ. ಸೆಷನ್ ಅನ್ನು ಎಲ್ಲ ವಿಎಂಗೂ ಸಿಗುವ ರೆಡಿಸ್‌ಗೋ ಡೇಟಾಬೇಸ್‌ಗೋ ಹಾಕಿ, ಸ್ಟಿಕಿ ತೆಗೆದುಹಾಕಿ. ಡೆವಲಪರ್‌ಗಳು ಗೊಣಗುತ್ತಾರೆ. ಗೊಣಗಲಿ. ಇದು ಆಗದೇ ಮುಂದಿನ ಆಟೊಮೇಷನ್ ಎಲ್ಲ ಅರ್ಧಂಬರ್ಧ.

ಇನ್ನೊಂದು ಮಾತು. ಬ್ಯಾಲೆನ್ಸರ್ ಎರಡಿದ್ದರೆ ಡ್ರೇನ್ ಎರಡಕ್ಕೂ ಹೇಳಬೇಕು. ಐಪಿ ಇರುವ ಒಂದಕ್ಕೆ ಮಾತ್ರ ಹೇಳಿ, ಅಷ್ಟರಲ್ಲಿ ಐಪಿ ಇನ್ನೊಂದಕ್ಕೆ ಹೋದರೆ, ಅರ್ಧ ಅಪ್‌ಡೇಟ್ ಆದ ವಿಎಂಗೆ ಜನ ಬಂದು ಬೀಳುತ್ತಾರೆ.

ಹೆಲ್ತ್ ಚೆಕ್: ಏನು ಕೇಳಬೇಕು, ಏನು ಕೇಳಬಾರದು

ಸುಮ್ನೆ ಪೋರ್ಟ್ ತೆರೆದಿದೆಯಾ ಅಂತ ನೋಡುವ ಚೆಕ್ ಸಾಲದು. ಆಪ್ ಒಳಗೆ ಸಿಕ್ಕಿಹಾಕಿಕೊಂಡಿದ್ದರೂ ಪೋರ್ಟ್ ತೆರೆದೇ ಇರುತ್ತದೆ. ಆಪ್‌ನಲ್ಲೇ ಒಂದು ಚಿಕ್ಕ ಪುಟ ಮಾಡಿಸಿ, ಎಚ್‌ಎ ಪ್ರಾಕ್ಸಿ ಆ ಪುಟ ಕೇಳಲಿ, 200 (ಎಲ್ಲ ಸರಿ ಅನ್ನುವ ಉತ್ತರದ ಕೋಡ್) ಬಂದರೆ ಮಾತ್ರ ಸರ್ವರ್ ಆರೋಗ್ಯವಾಗಿದೆ ಅಂತ ಲೆಕ್ಕ.

ಆದರೆ ಆ ಪುಟದೊಳಗೆ ಡೇಟಾಬೇಸ್ ಚೆಕ್ ಹಾಕಬೇಡಿ. ಈ ವಿಷಯದಲ್ಲಿ ನನಗೂ ನಮ್ಮ ಡೆವಲಪರ್‌ಗಳಿಗೂ ದೊಡ್ಡ ಜಗಳವೇ ಆಗಿದೆ. ಡೇಟಾಬೇಸ್ ಇಲ್ಲದಿದ್ದರೆ ಆಪ್ ಇದ್ದೇನು ಪ್ರಯೋಜನ ಅನ್ನುವುದು ಅವರ ವಾದ. ನನ್ನ ಉತ್ತರ ಇಷ್ಟೇ: ಎಲ್ಲ ವಿಎಂಗೂ ಡೇಟಾಬೇಸ್ ಒಂದೇ. ಅದು ಹತ್ತು ಸೆಕೆಂಡ್ ನಿಧಾನವಾದರೆ ಎಲ್ಲ ವಿಎಂಗಳ ಚೆಕ್ ಒಟ್ಟಿಗೆ ಫೇಲ್ ಆಗುತ್ತದೆ. ಬ್ಯಾಲೆನ್ಸರ್ ಎಲ್ಲರನ್ನೂ ಹೊರಗೆ ಹಾಕುತ್ತದೆ. ಬಳಸುವವರಿಗೆ ಕಾಣುವುದು 503, ಅಂದರೆ ಸೇವೆ ಈಗ ಇಲ್ಲ. ನಿಧಾನವಾದ ಪುಟ ಬರಬೇಕಾದಲ್ಲಿ ಪುಟವೇ ಬರುವುದಿಲ್ಲ. ಒಂದು ವಿಎಂನ ಚೆಕ್, ಬೇರೆಯವುಗಳಿಗೆ ಇಲ್ಲದ ಆ ವಿಎಂನ ತೊಂದರೆಯನ್ನು ಮಾತ್ರ ಹೇಳಬೇಕು. ಡೇಟಾಬೇಸ್ ಕಾಯಲು ಮಾನಿಟರಿಂಗ್ ಬೇರೆ ಇದೆ.

ಸಮಯದ ಲೆಕ್ಕ ನೋಡೋಣ. ಎಚ್‌ಎ ಪ್ರಾಕ್ಸಿ ಬೇರೇನೂ ಹೇಳದಿದ್ದರೆ 2 ಸೆಕೆಂಡಿಗೊಮ್ಮೆ ಕೇಳುತ್ತದೆ, ಸತತ 3 ಸಲ ಫೇಲ್ ಆದರೆ ಡೌನ್, ಸತತ 2 ಸಲ ಪಾಸ್ ಆದರೆ ಅಪ್. ಅಂದರೆ ಸತ್ತದ್ದು ಗೊತ್ತಾಗಲು ಸುಮಾರು 6 ಸೆಕೆಂಡ್. ಕೆಲವರು ಇದನ್ನು ಒಂದೇ ಫೇಲ್‌ಗೆ ಇಳಿಸುತ್ತಾರೆ, ಬೇಗ ಗೊತ್ತಾಗಲಿ ಅಂತ. ನೇರ ಹಾರ್ಡ್‌ವೇರ್ ಮೇಲಾದರೆ ಇರಲಿ ಅನ್ನಬಹುದು. ವಿಎಂಗಳ ಮೇಲೆ ಬೇಡ. ವಿಎಂ ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಲೈವ್ ಮೈಗ್ರೇಷನ್ ಆಗುವಾಗ ಕೊನೆಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಬ್ಯಾಕಪ್‌ಗೆ ಸ್ನ್ಯಾಪ್‌ಶಾಟ್ ತೆಗೆಯುವಾಗಲೂ ಹಾಗೆಯೇ, ಸ್ಟೋರೇಜ್ ನಿಧಾನವಿದ್ದರೆ ಇನ್ನೂ ಹೆಚ್ಚು. ಆಗೆಲ್ಲ ಸರ್ವರ್ ಡೌನ್, ಅಪ್, ಡೌನ್, ಅಪ್ ಅಂತ ಕುಣಿಯುತ್ತದೆ. ಡಿಫಾಲ್ಟ್ ಹಾಗೇ ಬಿಡಿ.

ಆ 6 ಸೆಕೆಂಡ್ ಒಳಗೆ ಬಂದವರ ಗತಿ? ಕನೆಕ್ಷನ್ ಸಿಗದಿದ್ದರೆ ಬೇರೆ ಸರ್ವರ್‌ಗೆ ಕಳಿಸುವ ರೀಡಿಸ್ಪ್ಯಾಚ್ ಆಪ್ಷನ್ ಆನ್ ಮಾಡಿ. ಕನೆಕ್ಷನ್ ಆಗದೇ ಇದ್ದಾಗ ಮಾತ್ರ ಮತ್ತೆ ಪ್ರಯತ್ನಿಸುವುದು ಡಿಫಾಲ್ಟ್. ಅದಕ್ಕಿಂತ ಮುಂದೆ ಹೋಗಿ, ರಿಕ್ವೆಸ್ಟ್ ಕಳಿಸಿದ ಮೇಲೂ ಮತ್ತೊಮ್ಮೆ ಕಳಿಸುವ ಸೆಟ್ಟಿಂಗ್ ಇದೆ. ಹಣದ ವ್ಯವಹಾರ ಇರುವ ಕಡೆ ಅದನ್ನು ಮುಟ್ಟಬೇಡಿ. ಒಬ್ಬ ವಿದ್ಯಾರ್ಥಿಯ ಫೀಸು ಎರಡು ಸಲ ಹೋಗಬಾರದು, ಅಲ್ವಾ?

ವಾಪಸ್ ಬಂದ ವಿಎಂಗೆ ಒಮ್ಮೆಲೇ ಪೂರ್ತಿ ಪಾಲು ಕೊಡಬಾರದು. ಜಾವಾ ಆಪ್ ಆಗಿದ್ದರೆ ಮೊದಲ ಸ್ವಲ್ಪ ಹೊತ್ತು ನಿಧಾನವಾಗಿಯೇ ಇರುತ್ತದೆ, ಕ್ಯಾಶ್ ಖಾಲಿ ಇರುತ್ತದೆ. ಸ್ಲೋಸ್ಟಾರ್ಟ್ 60 ಸೆಕೆಂಡ್ ಅಂತ ಹಾಕಿದರೆ ಪಾಲು ಮೆಲ್ಲಗೆ ಏರುತ್ತದೆ. ಹಂಚುವ ರೀತಿಗೆ ನಾನು ಲೀಸ್ಟ್‌ಕಾನ್ (ಕಡಿಮೆ ಕನೆಕ್ಷನ್ ಇರುವ ವಿಎಂಗೆ ಕಳಿಸುವುದು) ಹಾಕುತ್ತೇನೆ. ಕಾಗದದ ಮೇಲೆ ಎಲ್ಲ ವಿಎಂ ಒಂದೇ ಅಳತೆ, ನಿಜದಲ್ಲಿ ಒಂದರ ಪಕ್ಕ ಲೈಬ್ರರಿ ಸರ್ವರ್ ಇಂಡೆಕ್ಸ್ ಕಟ್ಟುತ್ತಾ ಸಿಪಿಯು ತಿನ್ನುತ್ತಿರುತ್ತದೆ. ವಿಎಂ ಒಳಗೆ ಟಾಪ್ ಕಮಾಂಡ್‌ನಲ್ಲಿ ಸ್ಟೀಲ್ ಸಮಯ (ಬೇರೆಯವರಿಂದಾಗಿ ಸಿಪಿಯು ಸಿಗದೇ ಕಾದ ಹೊತ್ತು) ನೋಡಿದರೆ ಇದು ಗೊತ್ತಾಗುತ್ತದೆ. ನಿಧಾನವಾದ ವಿಎಂನಲ್ಲಿ ಕನೆಕ್ಷನ್ ಜಮಾ ಆಗುತ್ತವೆ, ಲೀಸ್ಟ್‌ಕಾನ್ ಅದಕ್ಕೆ ತಾನಾಗಿ ಕಡಿಮೆ ಕೊಡುತ್ತದೆ.

ಸರ್ವರ್ ಪಟ್ಟಿ ಒಂದೇ ಕಡೆ ಇರಲಿ

ಈಗ ಆನ್ಸಿಬಲ್. ಎಚ್‌ಎ ಪ್ರಾಕ್ಸಿ ಕಾನ್ಫಿಗ್ ಅನ್ನು ಯಾರೂ ಕೈಯಿಂದ ತಿದ್ದಬಾರದು. ಅದು ಟೆಂಪ್ಲೇಟ್‌ನಿಂದ ಹುಟ್ಟಬೇಕು, ಟೆಂಪ್ಲೇಟ್ ಸರ್ವರ್‌ಗಳ ಹೆಸರನ್ನು ಇನ್ವೆಂಟರಿಯ (ಆನ್ಸಿಬಲ್‌ನ ಯಂತ್ರಗಳ ಪಟ್ಟಿ) ವೆಬ್ ಗ್ರೂಪ್‌ನಿಂದ ಓದಬೇಕು. ಟೆಂಪ್ಲೇಟ್ ಟಾಸ್ಕ್‌ನಲ್ಲಿ ವ್ಯಾಲಿಡೇಟ್ ಅನ್ನುವ ಸಾಲು ಇದೆ. ಅಲ್ಲಿ ಎಚ್‌ಎ ಪ್ರಾಕ್ಸಿಯ ಚೆಕ್ ಕಮಾಂಡ್ ಕೊಡಿ. ಹೊಸ ಫೈಲ್ ತಪ್ಪಿದ್ದರೆ ಹಳೆಯ ಫೈಲ್ ಹಾಗೇ ಉಳಿಯುತ್ತದೆ, ರೀಲೋಡ್ ಕೂಡ ಆಗುವುದಿಲ್ಲ.

ವ್ಯಾಲಿಡೇಟ್ ಇದೆ ಅಂತ ನಿಶ್ಚಿಂತೆ ಬೇಡ. ಅದು ನೋಡುವುದು ಬರವಣಿಗೆ ಸರಿ ಇದೆಯಾ ಅಂತ ಮಾತ್ರ. ಒಂದೂ ಸರ್ವರ್ ಇಲ್ಲದ ಬ್ಯಾಕೆಂಡ್ ಕೂಡ ಅದರ ಲೆಕ್ಕದಲ್ಲಿ ಸರಿ! ಇನ್ವೆಂಟರಿಯನ್ನು ಹೈಪರ್‌ವೈಸರ್‌ನ ಎಪಿಐಯಿಂದ ನೇರವಾಗಿ ತರುವವರು ಇಲ್ಲಿ ಎಚ್ಚರದಿಂದ ಇರಬೇಕು. ಓಡುತ್ತಿರುವ ವಿಎಂಗಳನ್ನು ಮಾತ್ರ ಕೊಡು ಅಂತ ಫಿಲ್ಟರ್ ಹಾಕಿರುತ್ತೀರಿ. ಟ್ಯಾಗ್ ಹೆಸರು ಯಾರೋ ಬದಲಾಯಿಸುತ್ತಾರೆ. ಪಟ್ಟಿ ಖಾಲಿ ಬರುತ್ತದೆ. ಟೆಂಪ್ಲೇಟ್ ಖುಷಿಯಾಗಿ ಖಾಲಿ ಬ್ಯಾಕೆಂಡ್ ಬರೆಯುತ್ತದೆ, ವ್ಯಾಲಿಡೇಟ್ ಪಾಸ್, ರೀಲೋಡ್, ಪೋರ್ಟಲ್ ಮಾಯ. ಆದ್ದರಿಂದ ಟೆಂಪ್ಲೇಟ್‌ಗೆ ಮೊದಲು ಒಂದು ಅಸರ್ಟ್ ಟಾಸ್ಕ್ ಹಾಕಿ: ವೆಬ್ ಗ್ರೂಪ್‌ನಲ್ಲಿ ಇಷ್ಟಕ್ಕಿಂತ ಕಡಿಮೆ ಹೋಸ್ಟ್ ಇದ್ದರೆ ಅಲ್ಲೇ ನಿಲ್ಲು. ಒಂದೇ ಸಾಲಿನ ಕೆಲಸ, ಮರೆಯಬೇಡಿ.

ನನ್ನಂಥ ಸಣ್ಣ ಜಾಗಕ್ಕೆ ಎಪಿಐ ಇನ್ವೆಂಟರಿ ಅಗತ್ಯವೇ ಇಲ್ಲ. ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿರುವ ಸಾದಾ ಫೈಲ್ ಸಾಕು. ಪ್ರತಿ ಹೋಸ್ಟ್‌ನ ಐಪಿಯನ್ನು ಅದರಲ್ಲೇ ಬರೆದಿಡಿ. ಫ್ಯಾಕ್ಟ್ಸ್‌ನಿಂದ (ಆನ್ಸಿಬಲ್ ಓಡುವಾಗ ಯಂತ್ರದಿಂದಲೇ ಕೇಳಿ ತರುವ ಮಾಹಿತಿ) ಐಪಿ ತೆಗೆಯುವ ಟೆಂಪ್ಲೇಟ್ ನೋಡಲು ಜಾಣತನ ಅನಿಸುತ್ತದೆ. ಆದರೆ ಬ್ಯಾಲೆನ್ಸರ್‌ಗಳಿಗೆ ಮಾತ್ರ ಅಂತ ಲಿಮಿಟ್ ಹಾಕಿ ಓಡಿಸಿದ ದಿನ ವೆಬ್ ವಿಎಂಗಳ ಫ್ಯಾಕ್ಟ್ಸ್ ಇರುವುದಿಲ್ಲ, ಪ್ಲೇಬುಕ್ ಅಲ್ಲೇ ಮುಗ್ಗರಿಸುತ್ತದೆ.

ರೋಲಿಂಗ್ ಅಪ್‌ಡೇಟ್

ಕೈಯಿಂದ ಮಾಡಿದ್ದನ್ನು ಈಗ ಪ್ಲೇಬುಕ್‌ಗೆ ಇಳಿಸಿ. ಪ್ಲೇ ಓಡುವುದು ವೆಬ್ ಗ್ರೂಪ್ ಮೇಲೆ, ಸೀರಿಯಲ್ 1. ಅಂದರೆ ಒಂದು ಸಲಕ್ಕೆ ಒಂದೇ ವಿಎಂ. ಮೊದಲ ಟಾಸ್ಕ್, ಎರಡೂ ಬ್ಯಾಲೆನ್ಸರ್‌ಗಳಿಗೆ ಡೆಲಿಗೇಟ್ ಮಾಡಿ ಈ ವಿಎಂ ಅನ್ನು ಡ್ರೇನ್ ಮಾಡುವುದು. ಆನ್ಸಿಬಲ್‌ನ ಕಮ್ಯುನಿಟಿ ಕಲೆಕ್ಷನ್‌ನಲ್ಲಿ ಎಚ್‌ಎ ಪ್ರಾಕ್ಸಿ ಹೆಸರಿನದೇ ಮಾಡ್ಯೂಲ್ ಇದೆ, ಡ್ರೇನ್ ಮಾಡಿ ಖಾಲಿ ಆಗುವವರೆಗೆ ಕಾಯುವುದು ಅದಕ್ಕೆ ಬರುತ್ತದೆ. ಕಾಯುವುದಕ್ಕೆ ಒಂದು ಮಿತಿ ಇಡಿ. ಕೈಯಿಂದ ಮಾಡುವಾಗ ನೋಡಿಟ್ಟುಕೊಂಡ ಸಮಯದ ಎರಡರಷ್ಟು ಸಾಕು.

ಆಮೇಲೆ ಅಪ್‌ಡೇಟ್, ಬೇಕಿದ್ದರೆ ರೀಬೂಟ್. ಮುಂದಿನ ಟಾಸ್ಕ್ ಆ ವಿಎಂನ ಹೆಲ್ತ್ ಪುಟವನ್ನು ನೇರವಾಗಿ ಕೇಳಬೇಕು, ಬ್ಯಾಲೆನ್ಸರ್ ಮೂಲಕ ಅಲ್ಲ. 200 ಬರುವವರೆಗೆ ಕೆಲವು ಸಲ ಕೇಳಿ, ಬರದಿದ್ದರೆ ಫೇಲ್. ಹೆಲ್ತ್ ಪುಟ ಮಾತ್ರ ಸಾಲದು, ನಿಜವಾದ ಒಂದು ಪುಟ ಕೂಡ ಕೇಳಿಸಿ. ನಾನು ಲಾಗಿನ್ ಪುಟ ಕೇಳಿ, ಅದರಲ್ಲಿ ಹೊಸ ಆವೃತ್ತಿಯ ಸಂಖ್ಯೆ ಇದೆಯಾ ಅಂತ ನೋಡಿಸುತ್ತೇನೆ. ಹಳೆಯ ಪ್ರೊಸೆಸ್ ಸಾಯದೇ ಪೋರ್ಟ್ ಹಿಡಿದುಕೊಂಡು ಕೂತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ರೆಡಿ, ಬ್ಯಾಲೆನ್ಸರ್ ಅಪ್ ಅನ್ನುವವರೆಗೆ ಕಾಯುವುದು, ಸ್ಲೋಸ್ಟಾರ್ಟ್ ಮುಗಿಯುವಷ್ಟು ಹೊತ್ತು ಸುಮ್ಮನಿರುವುದು, ಮುಂದಿನ ವಿಎಂ.

ಸೀರಿಯಲ್ 1 ಇದ್ದರೆ ಒಂದು ವಿಎಂ ಫೇಲ್ ಆದ ಕೂಡಲೇ ಪ್ಲೇ ನಿಲ್ಲುತ್ತದೆ, ಯಾಕೆಂದರೆ ಆ ಬ್ಯಾಚ್‌ನಲ್ಲಿ ಇದ್ದವರೆಲ್ಲ ಫೇಲ್ ಆದ ಹಾಗಾಯಿತು. ನೀವು 2 ಅಥವಾ ಜಾಸ್ತಿ ಹಾಕಿದರೆ ಹಾಗಲ್ಲ. ಒಂದು ಫೇಲ್, ಒಂದು ಪಾಸ್ ಆದರೆ ಆನ್ಸಿಬಲ್ ಮುಂದಿನ ಬ್ಯಾಚ್‌ಗೆ ಹೋಗಿಯೇ ಬಿಡುತ್ತದೆ. ಆಗ ಮ್ಯಾಕ್ಸ್ ಫೇಲ್ ಪರ್ಸೆಂಟೇಜ್ 0 ಅಂತ ಸೇರಿಸಿ.

ಅಪ್‌ಡೇಟ್ ನಡುವೆ ಹಳೆಯ ಮತ್ತು ಹೊಸ ಆಪ್ ಎರಡೂ ಒಂದೇ ಡೇಟಾಬೇಸ್ ಮೇಲೆ ಓಡುತ್ತಿರುತ್ತವೆ. ಹೊಸ ಕಾಲಂ ಸೇರಿಸುವುದು ಈ ಸಲ, ಹಳೆಯ ಕಾಲಂ ತೆಗೆಯುವುದು ಮುಂದಿನ ಸಲ. ಎರಡನ್ನೂ ಒಂದೇ ರಿಲೀಸ್‌ನಲ್ಲಿ ತರುವ ಡೆವಲಪರ್‌ಗೆ ರೋಲಿಂಗ್ ಅಪ್‌ಡೇಟ್ ಕೊಡಬೇಡಿ, ರಾತ್ರಿ ಪೋರ್ಟಲ್ ಬಂದ್ ಮಾಡಿ ಮಾಡಿಕೊಳ್ಳಲಿ.

ಇಲ್ಲೊಂದು ಕಣ್ಣಿಗೆ ಕಾಣದ ಗುಂಡಿ ಇದೆ. ಸಾಕೆಟ್ ಮೂಲಕ ಹೇಳಿದ ಡ್ರೇನ್ ಇರುವುದು ಎಚ್‌ಎ ಪ್ರಾಕ್ಸಿಯ ಮೆಮೊರಿಯಲ್ಲಿ ಮಾತ್ರ. ನಿಮ್ಮ ರೋಲಿಂಗ್ ಅಪ್‌ಡೇಟ್ ನಡೆಯುತ್ತಿದೆ ಅಂದುಕೊಳ್ಳಿ. ಪಕ್ಕದ ಟೇಬಲ್‌ನವರು ಹಾಸ್ಟೆಲ್ ಪೋರ್ಟಲ್‌ಗೆ ಏನೋ ಸೇರಿಸಲು ಕಾನ್ಫಿಗ್ ಪ್ಲೇಬುಕ್ ಓಡಿಸುತ್ತಾರೆ. ಎಚ್‌ಎ ಪ್ರಾಕ್ಸಿ ರೀಲೋಡ್ ಆಗುತ್ತದೆ. ಹೊಸ ಪ್ರೊಸೆಸ್‌ಗೆ ನಿಮ್ಮ ಡ್ರೇನ್ ಗೊತ್ತೇ ಇಲ್ಲ. ಬಿಚ್ಚಿಟ್ಟ ವಿಎಂಗೆ ಜನರನ್ನು ಕಳಿಸಲು ಶುರು ಮಾಡುತ್ತದೆ. ಇದಕ್ಕೆ ಎರಡು ದಾರಿ. ರೀಲೋಡ್‌ಗೆ ಮುಂಚೆ ಶೋ ಸರ್ವರ್ಸ್ ಸ್ಟೇಟ್ ಕಮಾಂಡ್‌ನ ಉತ್ತರವನ್ನು ಫೈಲ್‌ಗೆ ಉಳಿಸಿ, ಹೊಸ ಪ್ರೊಸೆಸ್ ಆ ಫೈಲ್ ಓದುವ ಹಾಗೆ ಕಾನ್ಫಿಗ್‌ನಲ್ಲಿ ಹೇಳುವುದು ಒಂದು. ಒಂದು ಲಾಕ್ ಫೈಲ್ ಇಟ್ಟು, ಒಂದು ಪ್ಲೇಬುಕ್ ಓಡುವಾಗ ಇನ್ನೊಂದು ಓಡದ ಹಾಗೆ ಮಾಡುವುದು ಇನ್ನೊಂದು. ನಾನು ಎರಡನ್ನೂ ಮಾಡಿದ್ದೇನೆ, ಆದರೆ ಒಂದೇ ಮಾಡುವುದಾದರೆ ಮೊದಲನೆಯದು.

ರೀಲೋಡ್ ಆದಾಗ ಹಳೆಯ ಪ್ರೊಸೆಸ್ ತಕ್ಷಣ ಸಾಯುವುದಿಲ್ಲ, ತನ್ನ ಕನೆಕ್ಷನ್‌ಗಳು ಮುಗಿಯಲಿ ಅಂತ ಕಾಯುತ್ತದೆ. ಒಳ್ಳೆಯ ಗುಣವೇ. ಆದರೆ ವೆಬ್‌ಸಾಕೆಟ್ (ತೆರೆದೇ ಇರುವ ಕನೆಕ್ಷನ್) ಇರುವ ಆಪ್ ಇದ್ದರೆ ಅವು ಗಂಟೆಗಟ್ಟಲೆ ಮುಗಿಯುವುದಿಲ್ಲ. ನಾಲ್ಕು ರೀಲೋಡ್ ಆದ ಮೇಲೆ ನೋಡಿದರೆ ನಾಲ್ಕು ಹಳೆಯ ಪ್ರೊಸೆಸ್ ಮೆಮೊರಿ ಹಿಡಿದುಕೊಂಡು ಕೂತಿರುತ್ತವೆ. ಹಾರ್ಡ್ ಸ್ಟಾಪ್ ಆಫ್ಟರ್ ಅನ್ನುವ ಸಾಲಿನಲ್ಲಿ ಗಡುವು ಕೊಡಿ.

ಐಪಿ ಹಾರುವ ಭಾಗ

ಕೀಪ್‌ಅಲೈವ್‌ಡಿ ಬಳಸುವುದು ವಿಆರ್‌ಆರ್‌ಪಿ ಪ್ರೊಟೊಕಾಲ್. ಐಪಿ ಹಿಡಿದಿರುವ ಬ್ಯಾಲೆನ್ಸರ್, ಅಂದರೆ ಮಾಸ್ಟರ್, ಸೆಕೆಂಡಿಗೊಮ್ಮೆ 224.0.0.18 ಅನ್ನುವ ಮಲ್ಟಿಕಾಸ್ಟ್ (ಹಲವರು ಒಟ್ಟಿಗೆ ಕೇಳುವ) ವಿಳಾಸಕ್ಕೆ ನಾನಿದ್ದೇನೆ ಅಂತ ಕೂಗುತ್ತದೆ. ಬ್ಯಾಕಪ್ ಆಗಿ ಕಾಯುವ ಇನ್ನೊಂದಕ್ಕೆ ಮೂರು ಕೂಗು ಕೇಳಿಸದಿದ್ದರೆ, ಅದರ ಮೇಲೆ ಚೂರು ಕಾದು, ಐಪಿ ತಾನು ತೆಗೆದುಕೊಳ್ಳುತ್ತದೆ. ಆ ಚೂರು ಅಂದರೆ 256ರಿಂದ ಪ್ರಯಾರಿಟಿ ಕಳೆದು, ಬಂದದ್ದನ್ನು 256ರಿಂದ ಭಾಗಿಸಿದ್ದು. ಪ್ರಯಾರಿಟಿ 100 ಇದ್ದರೆ ಒಟ್ಟು 3.6 ಸೆಕೆಂಡ್ ಆಸುಪಾಸು.

ಫೈರ್‌ವಾಲ್‌ನಲ್ಲಿ ಇದು ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ. ಐಪಿ ಪ್ರೊಟೊಕಾಲ್ 112. ಅದನ್ನು ಬಿಡದಿದ್ದರೆ ಎರಡೂ ಬ್ಯಾಲೆನ್ಸರ್ ತಾನೇ ಮಾಸ್ಟರ್ ಅಂದುಕೊಳ್ಳುತ್ತವೆ. ಮಲ್ಟಿಕಾಸ್ಟ್ ಬಿಡದ ನೆಟ್‌ವರ್ಕ್ ಆದರೆ ಯುನಿಕಾಸ್ಟ್ ಪಿಯರ್ ಅಂತ ಎದುರಿನವನ ಐಪಿ ಬರೆಯಬಹುದು. ಓಪನ್‌ಸ್ಟ್ಯಾಕ್ ಮೇಲಿದ್ದರೆ ಇನ್ನೊಂದು ಕೆಲಸ ಉಂಟು. ವಿಎಂಗೆ ಕೊಡದ ಐಪಿಯಿಂದ ಪ್ಯಾಕೆಟ್ ಬಂದರೆ ಅದು ಬಿಸಾಡುತ್ತದೆ, ಹಾಗಾಗಿ ಅಲೋಡ್ ಅಡ್ರೆಸ್ ಪೇರ್ಸ್‌ನಲ್ಲಿ ಹಾರುವ ಐಪಿ ಸೇರಿಸಬೇಕು. ಈ ಜೋಡಿಯ ಗುರುತಿನ ಸಂಖ್ಯೆಯಾದ ವರ್ಚುವಲ್ ರೂಟರ್ ಐಡಿ ಒಂದೇ ವಿಎಲ್ಯಾನ್‌ನಲ್ಲಿ ಇನ್ನೊಬ್ಬರ ಜೊತೆ ಡಿಕ್ಕಿ ಹೊಡೆಯದ ಹಾಗೆ ನೋಡಿಕೊಳ್ಳಿ. ನಮ್ಮ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗಿ ಇದಕ್ಕೇ ಒಂದು ಶೀಟ್ ಇಟ್ಟಿದ್ದಾಳೆ.

ಎರಡೂ ಕಡೆ ಸ್ಟೇಟ್ ಬ್ಯಾಕಪ್ ಅಂತಲೇ ಬರೆದು, ನೋಪ್ರಿಎಂಪ್ಟ್ ಹಾಕಿ. ಇಲ್ಲದಿದ್ದರೆ ಹಳೆಯ ಮಾಸ್ಟರ್ ಎದ್ದ ಕೂಡಲೇ ಐಪಿ ಕಿತ್ತುಕೊಳ್ಳುತ್ತದೆ. ಅದು ರೀಬೂಟ್ ಆಗುತ್ತಲೇ ಇರುವ ಕಾಯಿಲೆಯ ವಿಎಂ ಆಗಿದ್ದರೆ ಐಪಿ ಆಚೆ ಈಚೆ ಓಡಾಡುತ್ತಲೇ ಇರುತ್ತದೆ. ಟ್ರ್ಯಾಕ್ ಸ್ಕ್ರಿಪ್ಟ್‌ನಲ್ಲಿ ಎಚ್‌ಎ ಪ್ರಾಕ್ಸಿ ಪ್ರೊಸೆಸ್ ಇದೆಯಾ ಅಂತ ನೋಡುವುದಕ್ಕಿಂತ, ಅದಕ್ಕೇ ಒಂದು ಸಣ್ಣ ರಿಕ್ವೆಸ್ಟ್ ಕಳಿಸಿ ಉತ್ತರ ಬರುತ್ತದಾ ಅಂತ ನೋಡಿ. ಇನ್ನು ಬ್ಯಾಕಪ್ ಕಡೆ ಐಪಿ ಇಲ್ಲದ ಕಾರಣ ಎಚ್‌ಎ ಪ್ರಾಕ್ಸಿ ಏಳುವುದೇ ಇಲ್ಲ ಅಂತ ತಲೆ ಕೆಡಿಸಿಕೊಳ್ಳುವವರಿಗೆ: ಕರ್ನಲ್‌ನ ನಾನ್‌ಲೋಕಲ್ ಬೈಂಡ್ ಸೆಟ್ಟಿಂಗ್ 1 ಮಾಡಿ. ಅಷ್ಟೇ.

ಬ್ಯಾಲೆನ್ಸರ್ ವಿಎಂಗಳ ಬ್ಯಾಕಪ್ ಸಮಯವನ್ನೂ ಬೇರೆ ಬೇರೆ ಇಡಿ. ಸ್ನ್ಯಾಪ್‌ಶಾಟ್‌ಗೆ ನಾಲ್ಕು ಸೆಕೆಂಡ್ ನಿಂತರೂ ಸಾಕು, ಐಪಿ ಹಾರುತ್ತದೆ. ನಿಜ ಹೇಳಬೇಕೆಂದರೆ ಅವುಗಳಿಗೆ ಬ್ಯಾಕಪ್ ಯಾಕೆ? ಕಾನ್ಫಿಗ್ ಗಿಟ್‌ನಲ್ಲಿದೆ, ಟೆಂಪ್ಲೇಟ್‌ನಿಂದ ಹೊಸ ವಿಎಂ ಎಬ್ಬಿಸಿ ಪ್ಲೇಬುಕ್ ಓಡಿಸಿದರೆ ಮುಗಿಯಿತು.

ಹೋಸ್ಟ್ ಲೆಕ್ಕ

ಎರಡು ಬ್ಯಾಲೆನ್ಸರ್ ವಿಎಂ ಒಂದೇ ಹೋಸ್ಟ್ ಮೇಲೆ ಕೂತಿದ್ದರೆ ಎರಡಿದ್ದೂ ಒಂದೇ. ವಿಎಂವೇರ್‌ನಲ್ಲಿ ಡಿಆರ್‌ಎಸ್ (ವಿಎಂಗಳನ್ನು ಹೋಸ್ಟ್‌ಗಳಿಗೆ ಹಂಚುವ ಸೌಲಭ್ಯ) ನಿಯಮ ಹಾಕಿ ಬೇರೆ ಬೇರೆ ಇಡಬಹುದು. ಪ್ರಾಕ್ಸ್‌ಮಾಕ್ಸ್‌ನಲ್ಲಿ 2025ರಲ್ಲಿ ಬಂದ 9ನೇ ಆವೃತ್ತಿಯಿಂದ ಇಂಥ ಅಫಿನಿಟಿ ನಿಯಮ ಇದೆ. ಅದಕ್ಕಿಂತ ಹಳೆಯದಾದರೆ ಯಾವ ವಿಎಂ ಎಲ್ಲಿ ಅಂತ ನೀವೇ ಹಂಚಿ, ವಾರಕ್ಕೊಮ್ಮೆ ಸ್ಕ್ರಿಪ್ಟ್‌ನಿಂದ ಪರೀಕ್ಷಿಸಿ.

ವೆಬ್ ವಿಎಂ ಎಷ್ಟು ಬೇಕು ಅನ್ನುವುದಕ್ಕೂ ಹೋಸ್ಟ್‌ನಿಂದಲೇ ಲೆಕ್ಕ. ಉದಾಹರಣೆಗೆ ಜನ ತುಂಬಿದ ಹೊತ್ತಿನಲ್ಲಿ ಸೆಕೆಂಡಿಗೆ 900 ರಿಕ್ವೆಸ್ಟ್, ಒಂದು ವಿಎಂ ತಾಳುವುದು 300 ಅಂತ ಇಟ್ಟುಕೊಳ್ಳಿ. ಮೂರು ವಿಎಂ ಸಾಕು, ಒಂದು ಹೆಚ್ಚಿಗೆ ಇರಲಿ ಅಂತ ನಾಲ್ಕು ಮಾಡಿ ಎರಡು ಹೋಸ್ಟ್‌ಗೆ ಹಂಚಿದರೆ? ಒಂದು ಹೋಸ್ಟ್ ಹೋದರೆ ಉಳಿಯುವುದು 600. ಮೂರು ಹೋಸ್ಟ್‌ಗೆ ಎರಡೆರಡರಂತೆ ಆರು ಇಟ್ಟರೆ, ಒಂದು ಹೋಸ್ಟ್ ಹೋದಾಗ 1200 ಉಳಿಯುತ್ತದೆ. ಅದೇ ಹೊತ್ತಿಗೆ ಒಂದು ವಿಎಂ ಡ್ರೇನ್‌ನಲ್ಲಿದ್ದರೂ 900. ನಾನು ಒಪ್ಪುವುದು ಈ ಲೆಕ್ಕವನ್ನೇ. ಮೂರೂ ಹೋಸ್ಟ್ ಒಂದೇ ಯುಪಿಎಸ್‌ನಲ್ಲಿ ಇವೆಯಾ ಅಂತಲೂ ನೋಡಿ. ಅಫಿನಿಟಿ ನಿಯಮಕ್ಕೆ ಯುಪಿಎಸ್ ಕಾಣುವುದಿಲ್ಲ. ನಮ್ಮ ಕಡೆ ಕರೆಂಟ್ ಹೋಗಿ ಜನರೇಟರ್ ಏಳುವ ಮಧ್ಯೆ ಎಲ್ಲ ಭಾರ ಬೀಳುವುದು ಅದರ ಮೇಲೆಯೇ.

ರಿಸಲ್ಟ್ ದಿನಕ್ಕೆ ಆಟೊ ಸ್ಕೇಲಿಂಗ್ ಮಾಡೋಣ ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. 11 ಗಂಟೆಗೆ ರಿಸಲ್ಟ್ ಅಂದರೆ 11ಕ್ಕೆ ಸರಿಯಾಗಿ ಎಲ್ಲರೂ ಬರುತ್ತಾರೆ. ವಿಎಂ ಎದ್ದು ಆಪ್ ಬೆಚ್ಚಗಾಗುವಷ್ಟರಲ್ಲಿ ಹೊಡೆತ ಬಿದ್ದು ಮುಗಿದಿರುತ್ತದೆ. ಅಲ್ಲದೆ ಇರುವ ಹಾರ್ಡ್‌ವೇರ್ ಅಷ್ಟೇ. ಯಾವ ಸಾಫ್ಟ್‌ವೇರ್ ತಾನೇ ಇಲ್ಲದ ಸಿಪಿಯು ಹುಟ್ಟಿಸುತ್ತದೆ? ನಾನು ಮಾಡುವುದು ಕ್ಯಾಲೆಂಡರ್ ನೋಡಿ ಸ್ಕೇಲ್. ಹಿಂದಿನ ಸಂಜೆ ಲೈಬ್ರರಿ, ಟೆಸ್ಟಿಂಗ್ ವಿಎಂಗಳನ್ನು ಪ್ಲೇಬುಕ್ ಮಲಗಿಸುತ್ತದೆ, ರಿಸಲ್ಟ್ ವಿಎಂಗಳನ್ನು ಎಬ್ಬಿಸಿ ಸೇರಿಸುತ್ತದೆ.

ಜೊತೆಗೆ ಪ್ರತಿ ಸರ್ವರ್ ಸಾಲಿನಲ್ಲಿ ಮ್ಯಾಕ್ಸ್‌ಕಾನ್ (ಒಮ್ಮೆಗೆ ಗರಿಷ್ಠ ಕನೆಕ್ಷನ್) ಹಾಕಿ. ಮಿತಿ ಮೀರಿದವರು ಎಚ್‌ಎ ಪ್ರಾಕ್ಸಿಯ ಕ್ಯೂನಲ್ಲಿ ನಿಲ್ಲುತ್ತಾರೆ, ಆಪ್ ಕುಸಿಯುವುದಿಲ್ಲ. ಆದರೆ ಟೈಮ್‌ಔಟ್ ಕ್ಯೂ ಬೇರೆಯಾಗಿ ಬರೆಯದಿದ್ದರೆ ಕನೆಕ್ಟ್ ಟೈಮ್‌ಔಟ್ ಎಷ್ಟಿದೆಯೋ ಅಷ್ಟನ್ನೇ ಅದು ಬಳಸುತ್ತದೆ. ಕನೆಕ್ಟ್ 5 ಸೆಕೆಂಡ್ ಇದ್ದರೆ ಕ್ಯೂನಲ್ಲಿ 5 ಸೆಕೆಂಡ್ ನಿಂತವರಿಗೆ 503. ಮಕ್ಕಳು ರಿಫ್ರೆಶ್ ಒತ್ತುತ್ತಾರೆ, ಕ್ಯೂ ಇನ್ನೂ ಬೆಳೆಯುತ್ತದೆ. 30 ಸೆಕೆಂಡ್ ಕೊಡಿ.

ಸರ್ಟಿಫಿಕೇಟ್ ವಿಷಯ ಎರಡೇ ಮಾತು. ಸಾರ್ವಜನಿಕ ಟಿಎಲ್‌ಎಸ್ ಸರ್ಟಿಫಿಕೇಟ್‌ನ ಗರಿಷ್ಠ ಆಯಸ್ಸು 2026ರ ಮಾರ್ಚ್‌ನಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47 ಅಂತ ತೀರ್ಮಾನ ಆಗಿದೆ. ಕೈಯಿಂದ ಬದಲಾಯಿಸುವ ಕಾಲ ಮುಗಿಯಿತು. ಸಾಕೆಟ್ ಮೂಲಕ ರೀಲೋಡ್ ಇಲ್ಲದೇ ಹೊಸ ಸರ್ಟಿಫಿಕೇಟ್ ಹಾಕಬಹುದು, ಆದರೆ ಅದೂ ಮೆಮೊರಿಗೆ ಮಾತ್ರ. ಎರಡೂ ಬ್ಯಾಲೆನ್ಸರ್‌ಗಳ ಡಿಸ್ಕ್‌ಗೂ ಅದೇ ಪ್ಲೇಬುಕ್ ಬರೆಯಲಿ.

ಕೆಡವಿ ನೋಡಿ

ಎಲ್ಲ ಕಟ್ಟಿದ ಮೇಲೆ ಕೆಲಸದ ದಿನವೇ, ಹಗಲಿನಲ್ಲೇ ಕೆಡವಿ ನೋಡಿ. ಇನ್ನೊಂದು ಲ್ಯಾಪ್‌ಟಾಪ್‌ನಿಂದ ಸೆಕೆಂಡಿಗೆ ಕೆಲವು ಸಲ ಪೋರ್ಟಲ್ ಕೇಳುವ ಲೂಪ್ ಓಡಿಸಿ, 200 ಅಲ್ಲದ ಉತ್ತರವನ್ನು ಸಮಯ ಸಹಿತ ಬರೆಯಿಸಿ. ಮೊದಲು ರೋಲಿಂಗ್ ಅಪ್‌ಡೇಟ್. ಇದರಲ್ಲಿ ಒಂದೂ ತಪ್ಪು ಉತ್ತರ ಬರಬಾರದು, ಬಂದರೆ ಡ್ರೇನ್ ಕಾಯುವ ಸಮಯ ಅಥವಾ ಆಪ್ ನಿಲ್ಲುವ ರೀತಿ ಸರಿ ಇಲ್ಲ. ಆಮೇಲೆ ಒಂದು ವೆಬ್ ವಿಎಂ ಅನ್ನು ಹೈಪರ್‌ವೈಸರ್‌ನಿಂದ ಸ್ಟಾಪ್ ಮಾಡಿ, ಶಟ್‌ಡೌನ್ ಅಲ್ಲ. ಆಮೇಲೆ ಮಾಸ್ಟರ್ ಬ್ಯಾಲೆನ್ಸರ್. ನಾಲ್ಕು ಸೆಕೆಂಡಿನ ಒಳಗೆ ವಾಪಸ್ ಬರಬೇಕು. ಬಾರದಿದ್ದರೆ ಮೊದಲು ಸ್ವಿಚ್‌ನ ಎಆರ್‌ಪಿ (ಯಾವ ಐಪಿ ಯಾವ ಯಂತ್ರದ್ದು ಅನ್ನುವ ಪಟ್ಟಿ) ಕಡೆ ನೋಡಿ.

ಕೊನೆಗೆ ಒಂದು ಪೂರ್ತಿ ಹೋಸ್ಟ್. ಅದರ ಮೇಲೆ ಬೇರೆ ಯಾರ ವಿಎಂ ಇದೆ ಅಂತ ನೋಡಿ, ಅವರಿಗೆ ಹೇಳಿ, ಆಮೇಲೆ ಪವರ್ ಕೇಬಲ್ ತೆಗೆಯಿರಿ. ಯುಪಿಎಸ್ ಆಫ್ ಮಾಡಿ ನೋಡುವ ಪರೀಕ್ಷೆ ಮಾತ್ರ ನೀವೊಬ್ಬರೇ ಇದ್ದಾಗ ಬೇಡ. ಎಲೆಕ್ಟ್ರಿಷಿಯನ್ ಬಂದ ದಿನ, ಜನರೇಟರ್‌ಗೆ ಡೀಸೆಲ್ ಇದೆ ಅಂತ ಖಾತ್ರಿ ಮಾಡಿಕೊಂಡು ಮಾಡಿ.